ಪ್ಲೂಟೊವನ್ನು ಕಂಡ ರೈತನ ಮಗ: ಕ್ಲೈಡ್ ಟಾಂಬಾ



ಉರ್ದು ತರಗತಿಯಲ್ಲಿ ಗ್ರಹಗಳ ಹೆಸರು ಕಲಿಸುವಾಗ ಪ್ರತಿ ವರ್ಷವೂ ನನಗೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಉತಾರಿದ್, ಜುಹರಾ, ಮಿರ್ರೀಖ್, ಮುಷ್ತರಿ, ಜುಹಲ್ ಎಂದು ಐದು ಗ್ರಹಗಳಿಗೆ ಉರ್ದುವಿನಲ್ಲಿ ಹಳೆಯ ಹೆಸರುಗಳಿವೆ. ಕನ್ನಡದಲ್ಲೂ ಹಾಗೆಯೇ: ಬುಧ, ಶುಕ್ರ, ಮಂಗಳ, ಗುರು, ಶನಿ. ಆದರೆ ಶನಿಯನ್ನು ದಾಟಿದ ಕೂಡಲೇ ಎರಡೂ ಭಾಷೆಗಳು ಯುರೇನಸ್, ನೆಪ್ಚೂನ್, ಪ್ಲೂಟೊ ಎನ್ನಲು ತೊಡಗುತ್ತವೆ. ಕಾರಣ ಸರಳವಾಗಿದೆ. ಮೊದಲಿನ ಐದನ್ನು ಪೂರ್ವಿಕರು ಬರಿಗಣ್ಣಿನಿಂದಲೇ ಗುರುತಿಸಿದ್ದರು. ಉಳಿದವನ್ನು ದೂರದರ್ಶಕ ಬಂದ ನಂತರ ಯಾರಾದರೂ ಹುಡುಕಿಕೊಡಬೇಕಾಯಿತು.

ಈ ಮೂರರಲ್ಲಿ ಕೊನೆಯದಾದ ಪ್ಲೂಟೊವನ್ನು ಹುಡುಕಿಕೊಟ್ಟವರು ಅಮೆರಿಕದ ಒಬ್ಬ ರೈತನ ಮಗ, ಕ್ಲೈಡ್ ಟಾಂಬಾ. ಆಗ ಅವರ ವಯಸ್ಸು 24. ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ನಮ್ಮ ಪೀಳಿಗೆಯವರು ಶಾಲೆಯಲ್ಲಿ ಒಂಬತ್ತು ಗ್ರಹಗಳೆಂದು ಬಾಯಿಪಾಠ ಮಾಡಿದ್ದೆವು. 2006ರಲ್ಲಿ ಅವು ಎಂಟಾದವು. ಪಾಠ ಮಾಡುವಾಗ ಇದನ್ನು ಹೇಳಿದರೆ ಮಕ್ಕಳು ಬಿಡುವುದಿಲ್ಲ. ಪ್ಲೂಟೊ ಗ್ರಹವೇ ಅಲ್ಲವಾದರೆ ಅದನ್ನು ಕಂಡುಹಿಡಿದವರ ಶ್ರಮ ವ್ಯರ್ಥವಾಯಿತೇ ಎಂದು ಕೇಳುತ್ತಾರೆ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಾನು ಓದಿ ತಿಳಿದುಕೊಂಡ ಬದುಕನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಕ್ಲೈಡ್ ಹುಟ್ಟಿದ್ದು 1906ರ ಫೆಬ್ರವರಿ 4ರಂದು, ಇಲಿನಾಯ್ ರಾಜ್ಯದ ಸ್ಟ್ರೀಟರ್ ಎಂಬ ಊರಿನ ಬಳಿ. ಆರು ಮಕ್ಕಳಲ್ಲಿ ಹಿರಿಯವರು. ಚಿಕ್ಕಪ್ಪನ ಬಳಿ ಒಂದು ಸಣ್ಣ ದೂರದರ್ಶಕವಿತ್ತು. ಚಂದ್ರನ ಕುಳಿಗಳನ್ನೂ ಶನಿಯ ಉಂಗುರಗಳನ್ನೂ ಅದರಲ್ಲಿ ನೋಡಿದ ಹುಡುಗನಿಗೆ ಆಕಾಶದ ಹುಚ್ಚು ಹಿಡಿಯಿತು. 1922ರಲ್ಲಿ ಕುಟುಂಬ ಕಾನ್ಸಸ್ ರಾಜ್ಯದ ಬರ್ಡೆಟ್ ಎಂಬ ಸಣ್ಣ ಊರಿಗೆ ಬೇಸಾಯಕ್ಕೆಂದು ವಲಸೆ ಬಂತು. 1925ರಲ್ಲಿ ಕ್ಲೈಡ್ ಅಲ್ಲಿಯೇ ಹೈಸ್ಕೂಲು ಮುಗಿಸಿದರು. ಕಾಲೇಜಿಗೆ ಹೋಗುವ ಆಸೆ ಬೆಟ್ಟದಷ್ಟಿತ್ತು. ಆದರೆ ಆಲಿಕಲ್ಲಿನ ಮಳೆಯೊಂದು ಹೊಲದಲ್ಲಿ ನಿಂತಿದ್ದ ಬೆಳೆಯನ್ನು ನೆಲಸಮ ಮಾಡಿತು. ಬೆಳೆಯೊಂದಿಗೆ ಕಾಲೇಜಿನ ಆಸೆಯೂ ನೆಲಕಚ್ಚಿತು. ನಮ್ಮ ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಅಂಕಗಳಿದ್ದರೂ ಹಣವಿಲ್ಲದೆ ಅಂಗಡಿಗೋ ಗ್ಯಾರೇಜಿಗೋ ಸೇರಿದ ಹುಡುಗರನ್ನು ನಾನು ಬಲ್ಲೆ. ನೀವೂ ಬಲ್ಲಿರಿ. ಕ್ಲೈಡ್ ಅಂಥವರಲ್ಲಿ ಒಬ್ಬರಾಗಿದ್ದರು.

ಹಗಲು ಹೊಲದಲ್ಲಿ ದುಡಿತ, ರಾತ್ರಿ ಆಕಾಶ. ಒಳ್ಳೆಯ ದೂರದರ್ಶಕ ಕೊಳ್ಳಲು ದುಡ್ಡಿರಲಿಲ್ಲ. ಆದುದರಿಂದ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಓದಿಕೊಂಡು ತಾನೇ ತಯಾರಿಸಲು ಕುಳಿತರು. 1926ರಲ್ಲಿ ಮಾಡಿದ ಮೊದಲನೆಯದು ಸರಿಬರಲಿಲ್ಲ. ದೂರದರ್ಶಕದ ಕನ್ನಡಿಯನ್ನು ಕೈಯಿಂದ ಉಜ್ಜಿ ಉಜ್ಜಿ ನುಣುಪು ಮಾಡಿ, ಮೇಲ್ಮೈಯ ವಕ್ರತೆ ಸರಿಯಾಗಿದೆಯೇ ಎಂದು ಬೆಳಕಿನ ಸಹಾಯದಿಂದ ಪರೀಕ್ಷಿಸಬೇಕು. ಗಾಳಿ ಸ್ವಲ್ಪ ಬಿಸಿಯಾದರೂ ಅಲುಗಿದರೂ ಪರೀಕ್ಷೆ ಕೆಡುತ್ತದೆ. ತೆರೆದ ಬಯಲಿನ ಕಾನ್ಸಸ್‌ನಲ್ಲಿ ಗಾಳಿ ನಿಲ್ಲುವುದೆಲ್ಲಿ? ಅದಕ್ಕಾಗಿ ಅವರು ಹಾರೆ, ಸಲಿಕೆ ಹಿಡಿದು 24 ಅಡಿ ಉದ್ದ, 8 ಅಡಿ ಆಳದ ಒಂದು ನೆಲಮಾಳಿಗೆಯನ್ನೇ ತೋಡಿದರು. ಅಮ್ಮನಿಗೆ ಅದು ತರಕಾರಿ ಕೆಡದಂತೆ ಇಡುವ ಕೋಣೆಯಾಯಿತು, ಸುಂಟರಗಾಳಿ ಬಂದಾಗ ಮನೆಮಂದಿಗೆಲ್ಲ ಆಶ್ರಯವಾಯಿತು, ಮಗನಿಗೆ ಪ್ರಯೋಗಾಲಯವಾಯಿತು. ಗುಂಡಿ ತೋಡಲು ಅಪ್ಪ ಒಪ್ಪಿದ್ದು ಬಹುಶಃ ಮೊದಲಿನ ಎರಡು ಕಾರಣಗಳಿಗಾಗಿಯೇ ಇರಬೇಕೆಂದು ನನ್ನ ಊಹೆ.

ಆ ನೆಲಮಾಳಿಗೆಯಲ್ಲಿ ಪರೀಕ್ಷಿಸಿದ 9 ಅಂಗುಲದ ಕನ್ನಡಿಯಿಂದ 1928ರಲ್ಲಿ ಅವರ ಅತ್ಯುತ್ತಮ ದೂರದರ್ಶಕ ತಯಾರಾಯಿತು. ಅದರ ಬಿಡಿಭಾಗಗಳ ಪಟ್ಟಿ ಕೇಳಿದರೆ ಯಾವ ಗ್ಯಾರೇಜಿನ ಹುಡುಗನೂ ನಕ್ಕಾನು: 1910ರ ಬ್ಯೂಯಿಕ್ ಕಾರಿನ ಕ್ರ್ಯಾಂಕ್‌ಶಾಫ್ಟ್, ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರದ ಬುಡ, ಹೊಲದ ಯಂತ್ರಗಳ ಗುಜರಿ. ಅದರಲ್ಲಿ ನೋಡಿ ಬರೆದ ಮಂಗಳ ಮತ್ತು ಗುರು ಗ್ರಹಗಳ ಚಿತ್ರಗಳನ್ನು ಕ್ಲೈಡ್ ಅರಿಜೋನಾ ರಾಜ್ಯದ ಫ್ಲ್ಯಾಗ್‌ಸ್ಟಾಫ್‌ನಲ್ಲಿದ್ದ ಲೋವೆಲ್ ವೀಕ್ಷಣಾಲಯಕ್ಕೆ ಅಂಚೆಯಲ್ಲಿ ಕಳುಹಿಸಿದರು. ಕೆಲಸ ಕೇಳಿ ಬರೆದ ಪತ್ರವಲ್ಲ ಅದು. ತನ್ನ ಚಿತ್ರ ಸರಿಯಿದೆಯೇ ಎಂದು ತಿಳಿದವರಿಂದ ತಿಳಿಯುವ ಆಸೆ, ಅಷ್ಟೇ. ಬಂದ ಉತ್ತರದಲ್ಲಿ ಹಲವು ಪ್ರಶ್ನೆಗಳಿದ್ದವು, ಕೆಲವು ಪತ್ರಗಳ ನಂತರ ಕೆಲಸದ ಆಹ್ವಾನವೂ ಬಂತು. ನಿರ್ದೇಶಕ ವೆಸ್ಟೊ ಸ್ಲೈಫರ್ ಅವರಿಗೆ, ಚಳಿಗೆ ಹೆದರದೆ ರಾತ್ರಿಯೆಲ್ಲ ನಿಂತು ದುಡಿಯುವ, ಹೆಚ್ಚು ಸಂಬಳ ಕೇಳದ ಒಬ್ಬ ಹುಡುಗ ಬೇಕಾಗಿದ್ದ. 1929ರ ಜನವರಿಯಲ್ಲಿ ಕ್ಲೈಡ್ ರೈಲು ಹತ್ತಿದರು. ಜೇಬಿನಲ್ಲಿ ಹಿಂದಿರುಗುವ ಟಿಕೆಟಿಗೆ ಸಾಲುವಷ್ಟು ಹಣವಿರಲಿಲ್ಲ.

ಇಲ್ಲಿ ಲೋವೆಲ್ ಅವರ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಪರ್ಸಿವಲ್ ಲೋವೆಲ್ ಸಿರಿವಂತರು, 1894ರಲ್ಲಿ ಸ್ವಂತ ಹಣದಿಂದ ಆ ವೀಕ್ಷಣಾಲಯವನ್ನು ಕಟ್ಟಿಸಿದವರು. ಯುರೇನಸ್‌ನ ಚಲನೆಯಲ್ಲಿ ಲೆಕ್ಕಕ್ಕೆ ಸಿಗದ ಸಣ್ಣ ವ್ಯತ್ಯಾಸಗಳಿವೆ, ಆದ್ದರಿಂದ ನೆಪ್ಚೂನ್‌ನ ಆಚೆ ಇನ್ನೊಂದು ದೊಡ್ಡ ಗ್ರಹ ಇರಲೇಬೇಕು ಎಂದು ಅವರು ನಂಬಿದ್ದರು. ಅದು ಭೂಮಿಯ ಸುಮಾರು ಏಳರಷ್ಟು ತೂಕದ್ದೆಂದು ಗಣಿತ ಹಾಕಿ, ಹುಡುಕುತ್ತಲೇ 1916ರಲ್ಲಿ ತೀರಿಕೊಂಡರು. ವಿಚಿತ್ರವೆಂದರೆ 1915ರಲ್ಲಿ ಅವರದೇ ವೀಕ್ಷಣಾಲಯ ತೆಗೆದ ಚಿತ್ರಗಳಲ್ಲಿ ಪ್ಲೂಟೊ ಎರಡು ಸಲ ಮಸುಕಾಗಿ ಮೂಡಿತ್ತು. ಯಾರೂ ಗುರುತಿಸಲಿಲ್ಲ.

ಕ್ಲೈಡ್ ಅವರ ಪಾಲಿಗೆ ಬಂದ ಕೆಲಸ ಕೇಳಲು ಸುಲಭ. ಹೊಸದಾಗಿ ಬಂದ 13 ಅಂಗುಲದ ದೂರದರ್ಶಕದಿಂದ ಆಕಾಶದ ಒಂದೊಂದೇ ತುಂಡಿನ ಫೋಟೊವನ್ನು ಗಾಜಿನ ಪ್ಲೇಟಿನ ಮೇಲೆ ತೆಗೆಯಬೇಕು. ಒಂದು ಫೋಟೊಕ್ಕೆ ಸುಮಾರು ಒಂದು ಗಂಟೆ. ಕೆಲವು ದಿನ ಬಿಟ್ಟು ಅದೇ ತುಂಡಿನ ಇನ್ನೊಂದು ಫೋಟೊ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಗ್ರಹವಾದರೆ ಸ್ವಲ್ಪ ಸರಿದಿರುತ್ತದೆ. ಗುಮ್ಮಟಕ್ಕೆ ಬಿಸಿಗಾಳಿಯ ವ್ಯವಸ್ಥೆ ಇರಲಿಲ್ಲ, ಏಕೆಂದರೆ ಬಿಸಿಗಾಳಿ ಚಿತ್ರವನ್ನು ಕೆಡಿಸುತ್ತದೆ. ಫ್ಲ್ಯಾಗ್‌ಸ್ಟಾಫ್ 7,000 ಅಡಿ ಎತ್ತರದ ಊರು, ಚಳಿಗಾಲದಲ್ಲಿ ಹಿಮ ಬೀಳುವ ಜಾಗ. ಇದರ ಜೊತೆಗೆ ಗುಮ್ಮಟದ ಹಿಮ ಸರಿಸುವುದು, ಕಚೇರಿಯ ಒಲೆಗೆ ಸೌದೆ ಹಾಕುವುದು, ನೋಡಲು ಬಂದವರಿಗೆ ವೀಕ್ಷಣಾಲಯ ತೋರಿಸುವುದೂ ಅವರ ಪಾಲಿಗೇ ಬಂತು.

ಕಷ್ಟ ಇದ್ದದ್ದು ಎರಡು ಪ್ಲೇಟುಗಳನ್ನು ಹೋಲಿಸುವುದರಲ್ಲಿ. ಒಂದೊಂದು ಪ್ಲೇಟಿನಲ್ಲಿ ಲಕ್ಷಗಟ್ಟಲೆ ಚುಕ್ಕೆಗಳು. ಎರಡನ್ನೂ ಒಂದು ಯಂತ್ರದಲ್ಲಿಟ್ಟು, ಒಂದೇ ಕಣ್ಣುಗಾಜಿನ ಮೂಲಕ ಒಮ್ಮೆ ಇದನ್ನು ಒಮ್ಮೆ ಅದನ್ನು ಸರಸರನೆ ಬದಲಾಯಿಸಿ ನೋಡಬೇಕು. ಸರಿದ ಚುಕ್ಕೆ ಇದ್ದರೆ ಅದು ಕುಣಿದಂತೆ ಕಾಣುತ್ತದೆ. ಆರಂಭದಲ್ಲಿ ಈ ಕೆಲಸ ಹಿರಿಯರದಾಗಿತ್ತು. ಅವರಿಗೆ ಬೇಸರ ಬಂದಿರಬೇಕು, ಅದನ್ನೂ ಈ ಹುಡುಗನಿಗೇ ವಹಿಸಿದರು. ಭೇಟಿಗೆ ಬಂದಿದ್ದ ಖಗೋಳಜ್ಞರೊಬ್ಬರು, ಗ್ರಹ ಇದ್ದಿದ್ದರೆ ಇಷ್ಟರಲ್ಲಿ ಸಿಕ್ಕಿರುತ್ತಿತ್ತು, ನೀನು ಸುಮ್ಮನೆ ಕಾಲ ಕಳೆಯುತ್ತಿದ್ದೀಯ ಎಂಬರ್ಥದ ಮಾತನ್ನೂ ಆಡಿ ಹೋದರು.

ಇಲ್ಲಿಯೇ ಕ್ಲೈಡ್ ಅವರ ಬುದ್ಧಿವಂತಿಕೆಯನ್ನು ನೀವು ಗಮನಿಸಬೇಕು. ಸರಿಯುವ ಚುಕ್ಕೆಗಳೆಲ್ಲ ಗ್ರಹಗಳಲ್ಲ. ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕ್ಷುದ್ರಗ್ರಹಗಳು ಸಾವಿರಾರಿವೆ, ಅವೂ ಸರಿಯುತ್ತವೆ. ಬೇರ್ಪಡಿಸುವುದು ಹೇಗೆ? ನೀವು ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತಾಗ ರಸ್ತೆ ಬದಿಯ ಮರಗಳು ಹಿಂದಕ್ಕೆ ಓಡುತ್ತವೆ, ದೂರದ ಗುಡ್ಡ ಮೆಲ್ಲನೆ ಸರಿಯುತ್ತದೆ. ನಮ್ಮ ಭೂಮಿಯೂ ಓಡುವ ಬಸ್ಸೇ. ಸೂರ್ಯನಿಗೆ ಸರಿಯಾಗಿ ಎದುರು ದಿಕ್ಕಿನ ಆಕಾಶವನ್ನು ನೋಡಿದಾಗ, ಹತ್ತಿರದ ಕ್ಷುದ್ರಗ್ರಹ ಹೆಚ್ಚು ಸರಿದಂತೆಯೂ ದೂರದ ಗ್ರಹ ಬಹಳ ಕಡಿಮೆ ಸರಿದಂತೆಯೂ ಕಾಣುತ್ತದೆ. ಆದ್ದರಿಂದ ಅವರು ಯಾವಾಗಲೂ ಆ ದಿಕ್ಕಿನ ತುಂಡನ್ನೇ ಆರಿಸಿ ಫೋಟೊ ತೆಗೆದರು. ಒಂದು ಜಾಗಕ್ಕೆ ಎರಡಲ್ಲ, ಮೂರು ಪ್ಲೇಟು ತೆಗೆದರು, ಅನುಮಾನ ಬಂದರೆ ಮೂರನೆಯದು ಸಾಕ್ಷಿಯಾಗಲಿ ಎಂದು. ಹೈಸ್ಕೂಲು ಓದಿದ ಹುಡುಗ ತಾನಾಗಿ ರೂಪಿಸಿಕೊಂಡ ಶಿಸ್ತು ಇದು.

1930ರ ಫೆಬ್ರವರಿ 18, ಸಂಜೆ ನಾಲ್ಕರ ಸಮಯ. ಮಿಥುನ ರಾಶಿಯ ಒಂದು ಭಾಗವನ್ನು ಜನವರಿ 23 ಮತ್ತು 29ರಂದು ತೆಗೆದ ಪ್ಲೇಟುಗಳಲ್ಲಿ ಒಂದು ಮಸುಕಾದ ಚುಕ್ಕೆ ಕುಣಿಯಿತು. ಸರಿದದ್ದು ಮೂರು ನಾಲ್ಕು ಮಿಲಿಮೀಟರಿನಷ್ಟು ಮಾತ್ರ, ಅಂದರೆ ನೆಪ್ಚೂನ್‌ಗಿಂತಲೂ ದೂರದ್ದು. ಅವರು ಕೂಗಲಿಲ್ಲ, ಓಡಲಿಲ್ಲ. ಜನವರಿ 21ರ ಮೂರನೆಯ ಪ್ಲೇಟನ್ನು ತಂದು ಮುಕ್ಕಾಲು ಗಂಟೆ ಅಳತೆ ಮಾಡಿದರು. ಇರಬೇಕಾದ ಜಾಗದಲ್ಲೇ ಚುಕ್ಕೆ ಇತ್ತು. ಆನಂತರವೇ ಸ್ಲೈಫರ್ ಅವರ ಕೋಣೆಗೆ ನಡೆದು ಹೋಗಿ ವಿಷಯ ತಿಳಿಸಿದರು. ಅಂದು ರಾತ್ರಿ ಮೋಡ ಕವಿದಿತ್ತು, ಮತ್ತೆ ಫೋಟೊ ತೆಗೆಯುವಂತಿರಲಿಲ್ಲ. ಸೌರಮಂಡಲದ ಹೊಸ ಗ್ರಹವನ್ನು ಕಂಡ ಯುವಕ ಪೇಟೆಗೆ ಹೋಗಿ ಸಿನೆಮಾ ನೋಡಿ ಬಂದರು!

ಸುದ್ದಿಯನ್ನು ಖಚಿತಪಡಿಸಿಕೊಂಡು ಮಾರ್ಚ್ 13ರಂದು ಜಗತ್ತಿಗೆ ಸಾರಿದರು. ಅದು ಲೋವೆಲ್ ಅವರ ಜನ್ಮದಿನ. ಅಲ್ಲಿಯವರೆಗೆ ಕ್ಲೈಡ್ ಮನೆಯವರಿಗೂ ತಿಳಿಸುವಂತಿರಲಿಲ್ಲ. ಊರಿನ ಕಡೆಯ ಪತ್ರಿಕೆಯ ಸಂಪಾದಕರು ಫೋನು ಮಾಡಿದಾಗಲೇ ಅಪ್ಪ ಅಮ್ಮನಿಗೆ ಗೊತ್ತಾದದ್ದು. ಹೆಸರು ಸೂಚಿಸಿದವರೂ ದೊಡ್ಡ ವಿದ್ವಾಂಸರಲ್ಲ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ 11 ವರ್ಷದ ಶಾಲಾ ಬಾಲಕಿ ವೆನೀಶಿಯಾ ಬರ್ನಿ. ಬೆಳಗಿನ ತಿಂಡಿಯ ಹೊತ್ತಿಗೆ ಅಜ್ಜ ಪತ್ರಿಕೆ ಓದಿ ಹೇಳಿದಾಗ, ರೋಮನ್ನರ ಪುರಾಣದಲ್ಲಿ ಕತ್ತಲೆಯ ಲೋಕದ ಒಡೆಯನಾದ ಪ್ಲೂಟೊನ ಹೆಸರು ಅವಳಿಗೆ ಹೊಳೆಯಿತು. ಅಜ್ಜ ಅದನ್ನು ಪರಿಚಯದ ಖಗೋಳಜ್ಞರಿಗೆ ಹೇಳಿದರು, ತಂತಿ ಅಮೆರಿಕಕ್ಕೆ ಹೋಯಿತು. ಆ ಹೆಸರಿನ ಮೊದಲೆರಡು ಅಕ್ಷರಗಳು ಇಂಗ್ಲಿಷಿನಲ್ಲಿ ಪರ್ಸಿವಲ್ ಲೋವೆಲ್ ಅವರ ಹೆಸರಿನ ಆದ್ಯಕ್ಷರಗಳಾಗುವುದರಿಂದ ವೀಕ್ಷಣಾಲಯದವರಿಗೂ ಸಂತೋಷವಾಯಿತು.

ಇನ್ನು ಕಾಲೇಜಿನ ವಿಷಯ. ಕೀರ್ತಿ ಬಂದ ನಂತರ ಕಾನ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಸಿಕ್ಕಿ, 1932ರಲ್ಲಿ, 26ನೇ ವಯಸ್ಸಿನಲ್ಲಿ ಅವರು ಪ್ರಥಮ ವರ್ಷದ ತರಗತಿಗೆ ಸೇರಿದರು. ಖಗೋಳಶಾಸ್ತ್ರದ ಪ್ರಾಥಮಿಕ ಪಾಠಕ್ಕೆ ಹೆಸರು ಕೊಡಲು ಹೋದರೆ ಪ್ರಾಧ್ಯಾಪಕರು ಒಪ್ಪಲಿಲ್ಲವಂತೆ. ಗ್ರಹ ಕಂಡುಹಿಡಿದವನಿಗೆ ಗ್ರಹದ ಪಾಠ ಮಾಡುವುದು ಹೇಗೆ ಎಂಬ ಮುಜುಗರ! ಬೇಸಿಗೆ ರಜೆಯಲ್ಲಿ ವೀಕ್ಷಣಾಲಯದ ಕೆಲಸ, ಉಳಿದ ತಿಂಗಳು ಓದು. 1934ರಲ್ಲಿ ಪೆಟ್ರೀಷಿಯಾ ಎಡ್ಸನ್ ಅವರನ್ನು ಮದುವೆಯಾದರು. 1936ರಲ್ಲಿ ಪದವಿ, ನಂತರ ಸ್ನಾತಕೋತ್ತರ ಪದವಿ ಪಡೆದರು.

ಪ್ಲೂಟೊ ಸಿಕ್ಕಿದ ಮೇಲೂ ಅವರು ಹುಡುಕಾಟ ನಿಲ್ಲಿಸಲಿಲ್ಲ. 1943ರವರೆಗೂ ಆಕಾಶದ ಬಹುಭಾಗವನ್ನು ಜಾಲಾಡಿದರು. ಯಂತ್ರದ ಮುಂದೆ ಕುಳಿತದ್ದು ಸುಮಾರು 7,000 ಗಂಟೆ. ನೂರಾರು ಕ್ಷುದ್ರಗ್ರಹಗಳು, ಒಂದು ಧೂಮಕೇತು, ನಕ್ಷತ್ರಗುಚ್ಛಗಳು ಸಿಕ್ಕವು. ಇನ್ನೊಂದು ಗ್ರಹ ಸಿಗಲಿಲ್ಲ. ಯುದ್ಧಕಾಲದಲ್ಲಿ ನೌಕಾಪಡೆಯ ತರುಣರಿಗೆ ದಿಕ್ಕು ನಿರ್ಣಯದ ಪಾಠ ಮಾಡಿದರು. ಯುದ್ಧ ಮುಗಿದಾಗ ವೀಕ್ಷಣಾಲಯ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಗ್ರಹ ಕಂಡವರು ನ್ಯೂ ಮೆಕ್ಸಿಕೊ ರಾಜ್ಯದ ವೈಟ್ ಸ್ಯಾಂಡ್ಸ್‌ನಲ್ಲಿ ರಾಕೆಟ್‌ಗಳ ಹಾರಾಟವನ್ನು ಕ್ಯಾಮೆರಾದಿಂದ ಹಿಂಬಾಲಿಸುವ ಕೆಲಸಕ್ಕೆ ಸೇರಿದರು. 1955ರಿಂದ 1973ರವರೆಗೆ ಲಾಸ್ ಕ್ರೂಸಸ್‌ನಲ್ಲಿ, ಈಗ ನ್ಯೂ ಮೆಕ್ಸಿಕೊ ರಾಜ್ಯ ವಿಶ್ವವಿದ್ಯಾಲಯವೆನಿಸಿದ ಸಂಸ್ಥೆಯಲ್ಲಿ ಪಾಠ ಮಾಡಿ ನಿವೃತ್ತರಾದರು. ನಿವೃತ್ತಿಯ ನಂತರ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅಮೆರಿಕ ಮತ್ತು ಕೆನಡಾಗಳ ಊರೂರು ಸುತ್ತಿ ಭಾಷಣ ಮಾಡಿ, ಬಂದ ಹಣವನ್ನು ಯುವ ಖಗೋಳಜ್ಞರ ವಿದ್ಯಾರ್ಥಿವೇತನ ನಿಧಿಗೆ ಕೊಟ್ಟರು. ಹಳೆಯ 9 ಅಂಗುಲದ ದೂರದರ್ಶಕವನ್ನು ಸ್ಮಿತ್ಸೋನಿಯನ್ ಸಂಗ್ರಹಾಲಯದವರು ಕೇಳಿದಾಗ ಅವರು ಕೊಡಲಿಲ್ಲ. ಇನ್ನೂ ಅದರಲ್ಲಿ ಆಕಾಶ ನೋಡುತ್ತಿದ್ದರು.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಪ್ಲೂಟೊ ಎಷ್ಟು ದೊಡ್ಡದು ಎಂಬುದು ದಶಕಗಳವರೆಗೆ ಬಗೆಹರಿಯಲಿಲ್ಲ. 1978ರಲ್ಲಿ ಜೇಮ್ಸ್ ಕ್ರಿಸ್ಟಿ ಎಂಬವರು ಪ್ಲೂಟೊದ ಚಿತ್ರದಲ್ಲಿ ಒಂದು ಉಬ್ಬನ್ನು ಗಮನಿಸಿದರು. ದೋಷವಿದೆಯೆಂದು ಬದಿಗಿಡಲಾಗಿದ್ದ ಪ್ಲೇಟು ಅದು. ಉಬ್ಬು ಪ್ಲೂಟೊದ ಉಪಗ್ರಹ ಶಾರನ್ ಆಗಿತ್ತು. ಉಪಗ್ರಹ ಸುತ್ತುವ ರೀತಿಯಿಂದ ಪ್ಲೂಟೊವನ್ನು ತೂಗಿದಾಗ ಅದು ನಮ್ಮ ಚಂದ್ರನ ಐದನೇ ಒಂದು ಪಾಲಿಗಿಂತಲೂ ಹಗುರವೆಂದು ತಿಳಿಯಿತು. ಇಷ್ಟು ಸಣ್ಣದು ಯುರೇನಸ್‌ನ ದಾರಿಯನ್ನು ಅಲುಗಿಸಲಾರದು. ವಾಯೇಜರ್-2 ನೌಕೆ 1989ರಲ್ಲಿ ನೆಪ್ಚೂನ್ ಬಳಿ ಹಾದುಹೋದ ನಂತರ ನೆಪ್ಚೂನ್‌ನ ತೂಕವನ್ನು ಸರಿಯಾಗಿ ಹಾಕಿ ನೋಡಿದರೆ, ಲೋವೆಲ್ ಹೇಳಿದ ವ್ಯತ್ಯಾಸಗಳೇ ಮಾಯವಾದವು! ಅಂದರೆ ಲೋವೆಲ್ ಅವರ ದೊಡ್ಡ ಗ್ರಹ ಇರಲೇ ಇಲ್ಲ. ಸಿಕ್ಕಿದ ಪ್ಲೂಟೊ ಗಣಿತದಿಂದ ಸಿಕ್ಕಿದ್ದಲ್ಲ, ಪ್ಲೇಟುಗಳ ಇಂಚಿಂಚನ್ನೂ ಬಿಡದೆ ನೋಡಿದ ಕಣ್ಣಿನಿಂದ ಸಿಕ್ಕಿದ್ದು. ಲೋವೆಲ್ ಅವರ ನೆನಪು ಪ್ಲೂಟೊ ಎಂಬ ಹೆಸರಿನಲ್ಲೇ ಉಳಿಯಿತು, ಆದರೆ ಶೋಧದ ಶ್ರೇಯಸ್ಸು ಪೂರ್ತಿಯಾಗಿ ಟಾಂಬಾ ಅವರದೇ ಎಂದು ನನ್ನ ಅಭಿಪ್ರಾಯ.

1992ರಲ್ಲಿ ನೆಪ್ಚೂನ್‌ನಾಚೆ ಇನ್ನೊಂದು ಹಿಮದ ಕಾಯ ಪತ್ತೆಯಾಯಿತು, ನಂತರ ಸಾವಿರಾರು. ಆ ಇಡೀ ಪಟ್ಟಿಯಲ್ಲಿ ಮೊದಲು ಕಂಡದ್ದು ಪ್ಲೂಟೊವೇ, ಇತರರಿಗಿಂತ 62 ವರ್ಷ ಮುಂಚೆ. ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಇಳಿಸುವ ಮಾತು ಅವರ ಕೊನೆಗಾಲದಲ್ಲೇ ಕೇಳಿಬಂದಿತ್ತು, ಅವರಿಗೆ ಅದು ಹಿಡಿಸಿರಲಿಲ್ಲ. ಅದೇ 1992ರಲ್ಲಿ ನಾಸಾದ ವಿಜ್ಞಾನಿಯೊಬ್ಬರು ಅವರಿಗೆ ಫೋನು ಮಾಡಿ, ನಿಮ್ಮ ಗ್ರಹಕ್ಕೆ ನೌಕೆ ಕಳುಹಿಸಲು ಅನುಮತಿ ಕೊಡುವಿರಾ ಎಂದು ಕೇಳಿದರು. ವೃದ್ಧರು ಸಂತೋಷದಿಂದ ಒಪ್ಪಿ, ದಾರಿ ದೂರ ಮತ್ತು ಚಳಿ ಹೆಚ್ಚು ಎಂದು ಎಚ್ಚರಿಸಿದರು. 1997ರ ಜನವರಿ 17ರಂದು, 90ನೇ ವಯಸ್ಸಿನಲ್ಲಿ, ಲಾಸ್ ಕ್ರೂಸಸ್‌ನಲ್ಲಿ ತೀರಿಕೊಂಡರು.

ಒಂಬತ್ತು ವರ್ಷಗಳ ನಂತರ, 2006ರ ಜನವರಿ 19ರಂದು, ನ್ಯೂ ಹೊರೈಜನ್ಸ್ ಎಂಬ ನೌಕೆ ಫ್ಲೋರಿಡಾದಿಂದ ಹೊರಟಿತು. ಪಿಯಾನೊದಷ್ಟು ದೊಡ್ಡದು, ತೂಕ 478 ಕಿಲೊ. ಸೂರ್ಯನ ಬೆಳಕು ಸಾಲದ ಜಾಗಕ್ಕೆ ಹೋಗುವುದರಿಂದ ಪ್ಲುಟೋನಿಯಂನ ಶಾಖದಿಂದ ವಿದ್ಯುತ್ತು. ಅದರ ಒಳಗೆ ಅಂಟಿಸಿದ ಸಣ್ಣ ಅಲ್ಯೂಮಿನಿಯಂ ಡಬ್ಬಿಯಲ್ಲಿ ಟಾಂಬಾ ಅವರ ಚಿತಾಭಸ್ಮದ ಒಂದಂಶವಿತ್ತು. 93 ವರ್ಷದ ಪತ್ನಿ ಪೆಟ್ರೀಷಿಯಾ ಉಡಾವಣೆಯನ್ನು ನೋಡಲು ಬಂದಿದ್ದರು. ನೌಕೆಯ ಧೂಳು ಎಣಿಸುವ ಉಪಕರಣವನ್ನು ಕೊಲರಾಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ತಯಾರಿಸಿದ್ದರು, ಅದಕ್ಕೆ ವೆನೀಶಿಯಾ ಬರ್ನಿ ಅವರ ಹೆಸರಿಡಲಾಯಿತು. ನೌಕೆ ಹೊರಟು ಏಳು ತಿಂಗಳಾಗಿತ್ತು, ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಖಗೋಳಜ್ಞರು ಮತ ಹಾಕಿ ಪ್ಲೂಟೊವನ್ನು ಕುಬ್ಜಗ್ರಹವೆಂದರು. ದಾರಿಯಲ್ಲಿದ್ದ ನೌಕೆಗೆ ಅದರ ಗೊಡವೆ ಇರಲಿಲ್ಲ.

ಒಂಬತ್ತೂವರೆ ವರ್ಷದ ಪ್ರಯಾಣದ ಕೊನೆಗೆ, 2015ರ ಜುಲೈ 4ರಂದು, ಇನ್ನು ಹತ್ತೇ ದಿನ ಉಳಿದಿರುವಾಗ ನೌಕೆಯ ಸಂಪರ್ಕ ಕಡಿಯಿತು. ಕಂಪ್ಯೂಟರಿಗೆ ಒಮ್ಮೆಲೇ ಹೆಚ್ಚು ಕೆಲಸ ಬಿದ್ದು ಅದು ಸುರಕ್ಷಿತ ಸ್ಥಿತಿಗೆ ಹೋಗಿತ್ತು. ಇಲ್ಲಿಂದ ಕಳುಹಿಸಿದ ಆಜ್ಞೆ ಅಲ್ಲಿಗೆ ಮುಟ್ಟಲು ನಾಲ್ಕೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಆಲಿಸ್ ಬೋಮನ್ ಅವರ ತಂಡ ಕಚೇರಿಯಲ್ಲೇ ಮಲಗಿ ಎದ್ದು, ಮೂರು ದಿನಗಳಲ್ಲಿ ಎಲ್ಲವನ್ನೂ ಸರಿಪಡಿಸಿತು. ಜುಲೈ 14ರಂದು ನೌಕೆ ಪ್ಲೂಟೊದಿಂದ 12,500 ಕಿ.ಮೀ. ದೂರದಲ್ಲಿ ಹಾದುಹೋಯಿತು. ಟಾಂಬಾ ಅವರ ಮಗಳು ಮತ್ತು ಮಗ ನಿಯಂತ್ರಣ ಕೇಂದ್ರದಲ್ಲಿ ಹಾಜರಿದ್ದರು.

ಅಪ್ಪ ಕಂಡದ್ದು ಒಂದು ಮಸುಕು ಚುಕ್ಕೆ. ಮಕ್ಕಳು ಕಂಡದ್ದು ಒಂದು ಜಗತ್ತು. ಸೊನ್ನೆಗಿಂತ 230 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಸತ್ತ ಜಗತ್ತಾಗಿರಲಿಲ್ಲ. ಹೃದಯದಾಕಾರದ ಬಿಳಿಯ ಬಯಲಿನ ಒಂದು ಭಾಗದಲ್ಲಿ ಸಾರಜನಕದ ಹಿಮ ನಿಧಾನವಾಗಿ ಕುದಿಯುವಂತೆ ಮೇಲೆ ಕೆಳಗೆ ಹೊರಳುತ್ತಿತ್ತು. ನೀರಿನ ಹಿಮದಿಂದಾದ ಪರ್ವತಗಳು ಕಿಲೊಮೀಟರ್‌ಗಟ್ಟಲೆ ಎತ್ತರ ನಿಂತಿದ್ದವು, ಆಕಾಶದಲ್ಲಿ ನೀಲಿ ಮಂಜಿನ ಪದರಗಳಿದ್ದವು. ಶಾರನ್‌ನ ಮೈಯಲ್ಲಿ ಆಳವಾದ ಕಮರಿಗಳು, ಅದರ ಒಂದು ಧ್ರುವಕ್ಕೆ ಕೆಂಪು ಬಣ್ಣ. ಪ್ಲೂಟೊದಿಂದ ಹಾರಿ ಬಂದ ಮೀಥೇನ್ ಅಲ್ಲಿ ಹೆಪ್ಪುಗಟ್ಟಿ ಕೆಂಪಾಗಿದೆ. ನಿಕ್ಸ್, ಹೈಡ್ರಾ, ಕೆರ್ಬೆರೋಸ್, ಸ್ಟಿಕ್ಸ್ ಎಂಬ ಇನ್ನು ನಾಲ್ಕು ಪುಟ್ಟ ಉಪಗ್ರಹಗಳು ಉರುಳುತ್ತ ಸುತ್ತುತ್ತಿವೆ. ಅಂದು ಸಂಗ್ರಹಿಸಿದ ಮಾಹಿತಿಯೆಲ್ಲ ಭೂಮಿಗೆ ಬಂದು ಮುಗಿದದ್ದು 2016ರ ಅಕ್ಟೋಬರಿನಲ್ಲಿ.

2017ರಲ್ಲಿ ಪ್ಲೂಟೊದ ಭೂಭಾಗಗಳಿಗೆ ಅಧಿಕೃತವಾಗಿ ಹೆಸರಿಟ್ಟಾಗ ಆ ಹೃದಯ ಟಾಂಬಾ ಪ್ರದೇಶವಾಯಿತು, ಒಂದು ದೊಡ್ಡ ಕುಳಿ ಬರ್ನಿಯಾಯಿತು. ಒಂದು ಪರ್ವತಶ್ರೇಣಿಗೆ ನಮ್ಮ ತೇನ್‌ಸಿಂಗ್ ನೋರ್ಗೆ ಅವರ ಹೆಸರಿದೆ. ಆ ಬಿಳಿಯ ಬಯಲಿನ ಅಂಚಿನಲ್ಲಿ ಹಿಮದ ಬೆಟ್ಟಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುವ ಜಾಗಕ್ಕೆ ಅಲ್ ಇದ್ರೀಸಿ ಪರ್ವತಗಳೆಂದು ಹೆಸರು. ಅಲ್ ಇದ್ರೀಸಿ 12ನೇ ಶತಮಾನದ ಭೂಗೋಳ ವಿದ್ವಾಂಸರು, ಸಿಸಿಲಿಯ ದೊರೆ ರೋಜರ್‌ಗಾಗಿ 1154ರಲ್ಲಿ ಅಂದಿನ ಜಗತ್ತಿನ ನಕ್ಷೆಗಳನ್ನು ಪೂರ್ಣಗೊಳಿಸಿದವರು. ದಕ್ಷಿಣವನ್ನು ಮೇಲಿಟ್ಟು ಬರೆದ ಅವರ ನಕ್ಷೆಯನ್ನು ನಮ್ಮ ವಿದ್ಯಾರ್ಥಿಗಳು ಒಮ್ಮೆ ತಲೆಕೆಳಗು ಹಿಡಿದು ನೋಡಬೇಕು.

ನ್ಯೂ ಹೊರೈಜನ್ಸ್ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ. ಅಷ್ಟು ವೇಗವನ್ನು ತಗ್ಗಿಸುವ ಇಂಧನ ಅದರಲ್ಲಿಲ್ಲ. 2019ರ ಜನವರಿ 1ರಂದು ಅರೋಕೊತ್ ಎಂಬ, ಎರಡು ಉಂಡೆ ಅಂಟಿಸಿದಂತಿರುವ ಕಾಯವನ್ನು ನೋಡಿತು. 2024ರಲ್ಲಿ ಸೂರ್ಯನಿಂದ ಭೂಮಿಗಿರುವ ದೂರದ ಅರುವತ್ತರಷ್ಟನ್ನು ದಾಟಿತು. ಅದು ಮರಳಿ ಬರುವುದಿಲ್ಲ, ಅದರೊಳಗಿನ ಪುಟ್ಟ ಡಬ್ಬಿಯೂ ಬರುವುದಿಲ್ಲ. ಪ್ಲೂಟೊ ಮಾತ್ರ ಬರುತ್ತದೆ. ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ 248 ವರ್ಷ ಬೇಕು. ಕ್ಲೈಡ್ ಅದರ ಫೋಟೊ ತೆಗೆದ ಮಿಥುನ ರಾಶಿಯ ಅದೇ ಮೂಲೆಗೆ ಅದು 2178ರ ಸುಮಾರಿಗೆ ತಲುಪುತ್ತದೆ.